ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಎಲ್5

ಹೋದ ತಿಂಗಳು ನನ್ನ ಉಲ್ಕಾಶಿಲೆಯ ಪ್ರೋಬ್ ರಿಪೋರ್ಟ್ ಕೈಗೆ ಬಂತು. ಪ್ರೋಬ್ ಅಂದರೆ ಎಲೆಕ್ಟ್ರಾನ್ ಕಿರಣ ಹಾಯಿಸಿ ಹರಳಿನಲ್ಲಿ ಏನೇನು ಎಷ್ಟಿದೆ ಎಂದು ಅಳೆಯುವ ಮೆಷಿನ್. ಒಲಿವಿನ್ ಎಂಬ ಹರಳಿನಲ್ಲಿ ಫೇಯಲೈಟ್, ಅಂದರೆ ಅದರ ಕಬ್ಬಿಣದ ಪಾಲು, 24.8 ಪರ್ಸೆಂಟ್. ಅದಕ್ಕೆ ನಾಲ್ಕು ತಿಂಗಳ ಮುಂಚೆ ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಎಣ್ಣೆ, ಗಾಜಿನ ಪಟ್ಟಿ ಮತ್ತು ಒಂದು ಹಳೇ ಮೈಕ್ರೋಸ್ಕೋಪ್ ಇಟ್ಟುಕೊಂಡು ಹೇಳಿದ್ದು 24.4. ಭಾನುವಾರ ಲಾಲ್‌ಬಾಗ್ ಬಂಡೆ ಹತ್ತಿರ ಸೇರುವ ನಮ್ಮ ಗುಂಪಿನಲ್ಲಿ ಆಗ ನಗದೆ ಇದ್ದವರು ಇಬ್ಬರೇ. ಅದರಲ್ಲಿ ಒಬ್ಬರಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ.

ನಮ್ಮ ಗುಂಪಿಗೆ ಒಬ್ಬರು ರಿಟೈರ್ಡ್ ಜಿಯಾಲಜಿ ಮೇಷ್ಟ್ರು ಇದ್ದಾರೆ. ಅವರು ಅವತ್ತು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಏನಪ್ಪಾ, ಕನ್ನಡಕಕ್ಕೆ ನಂಬರ್ ಹಾಕೋದು ಬೇರೆ, ಕಲ್ಲಿಗೆ ಹಾಕೋದು ಬೇರೆ. ಪ್ರೋಬ್ ಇಲ್ದೆ ಕಲ್ಲು ಯಾವ ಗುಂಪು ಅಂತ ಹೇಳೋಕಾಗಲ್ಲ ಬಿಡು." ಅದಕ್ಕೇ ಇದನ್ನೆಲ್ಲ ಬರೆದಿಡುತ್ತಿದ್ದೇನೆ. ನಾನು ಇಪ್ಪತ್ತೆರಡು ವರ್ಷದಿಂದ ಬಸವನಗುಡಿ ಕಡೆ ಕನ್ನಡಕದಂಗಡಿ ನಡೆಸುತ್ತಿದ್ದೇನೆ. ಕೊನೆಗೆ ಕೆಲಸಕ್ಕೆ ಬಂದದ್ದು ಆ ಅನುಭವವೇ, ಆದರೆ ಮೊದಲು ನನ್ನನ್ನು ಹಳ್ಳಕ್ಕೆ ತಳ್ಳಿದ್ದೂ ಅಂಗಡಿಯವನ ಆತುರವೇ. ಅದಕ್ಕೆ ಆಮೇಲೆ ಬರುತ್ತೇನೆ.

ಕಲ್ಲಿನ ವಿಷಯ ಮೊದಲು. ಸೋದರಮಾವನ ಮಗ ಕೆಲಸದ ಮೇಲೆ ಮೊರಾಕ್ಕೊಗೆ ಹೋಗಿದ್ದ. ಬರುವಾಗ ಎರ್ಫೂದ್‌ನ ಒಂದು ಅಂಗಡಿಯಿಂದ ಎರಡು ಕಲ್ಲು ತರಿಸಿಕೊಂಡೆ, ಬಿಲ್ ಸಮೇತ. ಎರಡೂ ಸಹಾರಾದ ಮಾಲು, ಎಲ್ಲಿ ಸಿಕ್ಕಿತು ಅನ್ನುವುದಕ್ಕೆ ದಾಖಲೆ ಇಲ್ಲ, ಗುಂಪು ಗೊತ್ತಿಲ್ಲ. ದೊಡ್ಡದು 410 ಗ್ರಾಂ ಚಿಲ್ಲರೆ, ಗ್ರಾಂಗೆ ಎಪ್ಪತ್ತು ರೂಪಾಯಿಯಂತೆ 29 ಸಾವಿರದ ಹತ್ತಿರ ಆಯಿತು. ಚಿಕ್ಕದನ್ನು ಅಂಗಡಿಯವ ಮೇಲೆ ಒಂದಿಷ್ಟು ಸೇರಿಸಿ ಕೊಟ್ಟ. ರಾಜಸ್ಥಾನದ ಮರಳಿನಲ್ಲಿ ಹುಡುಕಬಹುದಿತ್ತಲ್ಲ ಎಂದು ಕೆಲವರು ಕೇಳುತ್ತಾರೆ. ನಮ್ಮ ದೇಶದಲ್ಲಿ ಸಿಕ್ಕಿದ್ದು ಜಿಎಸ್‌ಐಗೆ (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ) ಒಪ್ಪಿಸಬೇಕಾದ್ದು. ಸುಮ್ನೆ ಯಾಕೆ ತಲೆನೋವು?

ದೊಡ್ಡದರ ಮೇಲೆ ಅರ್ಧಕ್ಕಿಂತ ಕಮ್ಮಿ ಕಪ್ಪು ಸಿಪ್ಪೆ ಉಳಿದಿತ್ತು. ಉಳಿದ ಭಾಗ ಬೆಲ್ಲದ ಬಣ್ಣ. ಆಯಸ್ಕಾಂತ ಅಂಟುತ್ತಿತ್ತು. ಒಂದು ಮೂಲೆ ಉಜ್ಜಿದರೆ ಲೋಹದ ಚುಕ್ಕೆ, ಅಲ್ಲಲ್ಲಿ ಕಾಂಡ್ರೂಲ್ ಎಂಬ ಗುಂಡುಗುಂಡಾದ ಕಾಳು. ಸಾಧಾರಣ ಕಾಂಡ್ರೈಟ್, ಅಂದರೆ ಕಾಂಡ್ರೂಲ್ ಇರುವ ಮಾಮೂಲಿ ಉಲ್ಕಾಶಿಲೆ, ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಬೀಳುವ ಹತ್ತು ಕಲ್ಲಿನಲ್ಲಿ ಎಂಟಕ್ಕಿಂತ ಜಾಸ್ತಿ ಅದೇ ತಾನೇ. ಪ್ರಶ್ನೆ ಇದ್ದದ್ದು ಎಚ್, ಎಲ್, ಎಲ್‌ಎಲ್ ಮೂರು ಗುಂಪಿನಲ್ಲಿ ಯಾವುದು ಎಂಬುದು. ಎಚ್‌ನಲ್ಲಿ ಕಬ್ಬಿಣ ಜಾಸ್ತಿ, ಎಲ್‌ನಲ್ಲಿ ಕಮ್ಮಿ, ಎಲ್‌ಎಲ್‌ನಲ್ಲಿ ಇನ್ನೂ ಕಮ್ಮಿ. ಅಕ್ಷರದ ಪಕ್ಕದ ಅಂಕಿ, ಕಲ್ಲು ಒಳಗೆ ಎಷ್ಟು ಬೆಂದಿದೆ ಎಂದು ಹೇಳುವ ಟೈಪ್.

ಮೊದಲು ಎಲ್ಲರ ಹಾಗೆ ಆಯಸ್ಕಾಂತದ ದಾರಿ ಹಿಡಿದೆ. ಒಡವೆ ತೂಗುವ ಪುಟ್ಟ ತಕ್ಕಡಿ ಮೇಲೆ ನಿಯೋಡಿಮಿಯಂ ಆಯಸ್ಕಾಂತ ಇಟ್ಟು ಸೊನ್ನೆ ಮಾಡಿಕೊಂಡೆ. ಎರಡು ಸೆಂಟಿಮೀಟರ್ ಎತ್ತರದಲ್ಲಿ ಕಲ್ಲಿನ ತುಂಡು ಹಿಡಿದರೆ ಆಯಸ್ಕಾಂತ ಮೇಲಕ್ಕೆ ಎಳೆಯಲ್ಪಟ್ಟು ತೂಕ ಕಮ್ಮಿ ತೋರಿಸುತ್ತದೆ. ಗೆಳೆಯರಿಂದ ಎರಡು ಲೇಬಲ್ ಇರುವ ತುಂಡು ಸಾಲ ತಂದೆ, ಒಂದು ಎಚ್5, ಇನ್ನೊಂದು ಎಲ್6. ಮೂರನ್ನೂ ಒಂದೇ ಅಳತೆಗೆ ಉಜ್ಜಿ ಹೋಲಿಸಿದೆ. ನನ್ನದು ಎಲ್‌ಗಿಂತಲೂ ಸ್ವಲ್ಪ ಕೆಳಗೆ ಬಂತು. ಕಲ್ಲು ಆಯಸ್ಕಾಂತಕ್ಕೆ ಎಷ್ಟು ಒಲಿಯುತ್ತದೆ ಅನ್ನುವುದನ್ನು ಲಾಗ್ ಲೆಕ್ಕದಲ್ಲಿ ಹೇಳುತ್ತಾರೆ, ಅದರಲ್ಲಿ 4.6ರ ಆಸುಪಾಸು. ಹೊಸದಾಗಿ ಬಿದ್ದ ಎಚ್ ಆದರೆ 5.3ರ ಹತ್ತಿರ ಇರಬೇಕು, ಎಲ್ ಆದರೆ 4.9.

ಖುಷಿಯಿಂದ ಎಲ್ ಎಂದು ಘೋಷಿಸಿಬಿಟ್ಟೆ. ಮೇಷ್ಟ್ರು ಒಂದೇ ಮಾತಿನಲ್ಲಿ ಗಾಳಿ ತೆಗೆದರು. "ತುಕ್ಕು ಹಿಡಿದ ಎಚ್ ಕೂಡ ಅಲ್ಲೇ ಬರುತ್ತಲ್ವಾ?" ಹೌದು, ಬರುತ್ತದೆ. ಮರಳುಗಾಡಿನಲ್ಲಿ ಸಾವಿರಾರು ವರ್ಷ ಬಿದ್ದ ಕಲ್ಲಿನ ಲೋಹ ನಿಧಾನಕ್ಕೆ ತುಕ್ಕಾಗುತ್ತದೆ. ಲೋಹ ಕಮ್ಮಿಯಾದರೆ ಎಚ್ ಕಲ್ಲು ಎಲ್‌ನ ಥರ ಕಾಣುತ್ತದೆ, ಎಲ್ ಕಲ್ಲು ಎಲ್‌ಎಲ್‌ನ ಥರ ಕಾಣುತ್ತದೆ. ಲೋಹ ನೋಡಿ ಗುಂಪು ಹೇಳುವುದು ಮಳೆಯಲ್ಲಿ ನೆನೆದ ರಸೀದಿ ನೋಡಿ ಲೆಕ್ಕ ಹೇಳಿದ ಹಾಗೆ.

ಇನ್ನೊಂದು ತಪ್ಪು ನಗರತ್‌ಪೇಟೆಯಲ್ಲಿ. ಚಿನ್ನ ಪರೀಕ್ಷೆ ಮಾಡುವ ಕ್ಯಾರಟ್ ಮೀಟರ್ ಇದೆಯಲ್ಲ, ಅದರಲ್ಲಿ ಒಟ್ಟು ಕಬ್ಬಿಣ ಅಳೆಸಿದೆ. ಎಚ್‌ನಲ್ಲಿ ಸುಮಾರು 27 ಪರ್ಸೆಂಟ್, ಎಲ್‌ನಲ್ಲಿ 22ರ ಹತ್ತಿರ, ಎಲ್‌ಎಲ್‌ನಲ್ಲಿ ಇನ್ನೂ ಕಮ್ಮಿ ಎಂಬ ಲೆಕ್ಕ ತಲೆಯಲ್ಲಿತ್ತು. ಆ ಮೀಟರ್ ಚಿನ್ನ, ಬೆಳ್ಳಿ, ತಾಮ್ರಕ್ಕೆ ಟ್ಯೂನ್ ಆಗಿರುವುದು. ಒಂದು ಜಾಗದಲ್ಲಿ 38 ತೋರಿಸಿತು, ಪಕ್ಕದಲ್ಲೇ 19. ಕಿರಣ ಬೀಳುವ ಜಾಗದಲ್ಲಿ ಲೋಹದ ಚುಕ್ಕೆ ಇದ್ದರೆ ಒಂದು, ತುಕ್ಕಿನ ಗೆರೆ ಇದ್ದರೆ ಇನ್ನೊಂದು. ಮೂರು ಸಲಕ್ಕೆ ಒಂಬೈನೂರು ರೂಪಾಯಿ ಹೋಯಿತು. ಅಂಗಡಿ ಹುಡುಗ ಮಾತ್ರ "ಸರ್, ಇದರಲ್ಲಿ ಚಿನ್ನ ಇಲ್ಲ" ಎಂದು ತುಂಬ ಗಂಭೀರವಾಗಿ ಹೇಳಿ ಕಳಿಸಿದ.

ಸಾಂದ್ರತೆ ನೋಡಿದ್ದು ಮನೆಯಲ್ಲಿ ಜಗಳಕ್ಕೆ ಕಾರಣವಾಯಿತು. ನೀರಿನಲ್ಲಿ ಮುಳುಗಿಸಲು ಮನಸ್ಸಿರಲಿಲ್ಲ, ಬಿರುಕುಗಳಿಗೆ ನೀರು ಹೋದರೆ ತುಕ್ಕು ಇನ್ನೂ ಜಾಸ್ತಿ. ಕಾನ್ಸಲ್‌ಮ್ಯಾಗ್ನೋ ಮತ್ತು ಬ್ರಿಟ್ ಎಂಬ ವಿಜ್ಞಾನಿಗಳು ಕೂದಲಿಗಿಂತ ಸಣ್ಣ ಗಾಜಿನ ಮಣಿಗಳಲ್ಲಿ ಕಲ್ಲು ಹೂತು ಗಾತ್ರ ಅಳೆದದ್ದನ್ನು ಓದಿದ್ದೆ. ನಮ್ಮ ಮನೆಯಲ್ಲಿ ಗುಂಡಗೆ ಸಣ್ಣಗೆ ಇದ್ದದ್ದು ರಾಗಿ. ಒಂದು ಸೇರು ರಾಗಿ ತೆಗೆದುಕೊಂಡು ಲೋಟದಲ್ಲಿ ಕಲ್ಲು ಹೂತು, ತಟ್ಟಿ, ಮೇಲೆ ಸಮ ಮಾಡಿ ತೂಗಿದೆ. ಐದು ಸಲ ಮಾಡಿದರೆ ಐದು ಥರ, 3.0ಯಿಂದ 3.7ರ ತನಕ. ರಾಗಿ ಕಾಳು ಕಲ್ಲಿನ ಗುಳಿಗಳಿಗೆ ಸರಿಯಾಗಿ ಇಳಿಯುವುದಿಲ್ಲ. ಅಮ್ಮನಿಗೆ ಗೊತ್ತಿಲ್ಲದೆ ಗಸಗಸೆ ಡಬ್ಬ ಖಾಲಿ ಮಾಡಿದೆ. ಗಸಗಸೆಯಲ್ಲಿ ಉತ್ತರಗಳು ಒಂದಕ್ಕೊಂದು ಹತ್ತಿರ ಬಂದವು, 3.3ರ ಆಸುಪಾಸು. ಆದರೆ ಅದರಿಂದ ಗುಂಪು ಹೇಳಲು ಆಗುವುದಿಲ್ಲ. ಆ ವಾರ ಅಮ್ಮ ಗಸಗಸೆ ಪಾಯಸ ಮಾಡಲಿಲ್ಲ. ಕಲ್ಲು ಹೂತ ಗಸಗಸೆ ದೇವರ ನೈವೇದ್ಯಕ್ಕೆ ಬರುವುದಿಲ್ಲವಂತೆ.

ಆಮೇಲೆ ಕತ್ತರಿಸಿದ್ದು. ಇದು ಹೊಟ್ಟೆ ಉರಿಯುವ ಕತೆ. ಜಿಗಣಿ ಕಡೆ ಗ್ರಾನೈಟ್ ಕತ್ತರಿಸುವ ಒಂದು ಕಡೆ ಪರಿಚಯ ಇತ್ತು. ಒಂದೇ ನಿಮಿಷದ ಕೆಲಸ ಎಂದರು. ಗ್ರಾನೈಟ್ ಬ್ಲೇಡಿನ ದಪ್ಪ ಮೂರು ಮಿಲಿಮೀಟರ್ ದಾಟುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಎರಡು ಏಟಿಗೆ ಮೂವತ್ತು ಗ್ರಾಂ ಹತ್ತಿರ ಕಲ್ಲು ಕೆಸರಾಗಿ ಮೋರಿಗೆ ಹೋಯಿತು. ರೂಪಾಯಿ ಲೆಕ್ಕದಲ್ಲಿ ಎರಡು ಸಾವಿರ. ಮೇಲೆ ಆ ನೀರು! ಮಾರನೇ ದಿನ ಕತ್ತರಿಸಿದ ಮುಖದ ತುಂಬ ಕಿತ್ತಳೆ ಕಲೆ. ಕಲ್ಲನ್ನು ಓವನ್‌ನಲ್ಲಿ ಕಮ್ಮಿ ಶಾಖಕ್ಕೆ ಒಂದು ರಾತ್ರಿ ಇಟ್ಟು ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ಮುಚ್ಚಿಟ್ಟೆ. ಆಮೇಲಿನ ತುಂಡುಗಳನ್ನೆಲ್ಲ ಹರಳು ಕತ್ತರಿಸುವ ಒಬ್ಬ ಸಾಬರ ಹತ್ತಿರ ಮಾಡಿಸಿದೆ. ಅವರ ಬ್ಲೇಡು ಅರ್ಧ ಮಿಲಿಮೀಟರ್‌ಗಿಂತ ತೆಳು. ನೀರಿನ ಬದಲು ಐಸೋಪ್ರೊಪೈಲ್ ಆಲ್ಕೋಹಾಲ್ ಸುರಿಯಿರಿ ಎಂದರೆ ಮೊದಲು ಬೈದರು, ಬೆಂಕಿ ಹತ್ತಿಕೊಂಡರೆ ಯಾರು ಹೊಣೆ ಎಂದು. ಅದು ನ್ಯಾಯವೇ. ಕೊನೆಗೆ ಕೈಯಿಂದಲೇ ನಿಧಾನಕ್ಕೆ ತಿರುಗಿಸುವ ಗರಗಸದಲ್ಲಿ, ಕಿಟಕಿ ತೆಗೆದು, ಮಾಡಿಕೊಟ್ಟರು. ಒಂದು ಕೊಯ್ತಕ್ಕೆ ನಾಲ್ಕು ನೂರು ರೂಪಾಯಿ, ಚಹಾ ನನ್ನದು.

ಈಗ ಅಸಲು ವಿಷಯ. ತುಕ್ಕು ಲೋಹವನ್ನು ತಿನ್ನುತ್ತದೆ. ಒಲಿವಿನ್ ಹರಳಿನ ಒಳಗೆ ಕೂತ ಕಬ್ಬಿಣವನ್ನು ಅಷ್ಟು ಸುಲಭವಾಗಿ ಮುಟ್ಟುವುದಿಲ್ಲ. ಪ್ರಯರ್ ಎಂಬ ಖನಿಜ ವಿಜ್ಞಾನಿ ನೂರು ವರ್ಷದ ಹಿಂದೆಯೇ ಹೇಳಿದ್ದ ಮಾತಿದೆ, ಲೋಹ ಕಮ್ಮಿ ಇದ್ದಷ್ಟೂ ಸಿಲಿಕೇಟಿನಲ್ಲಿ, ಅಂದರೆ ಒಲಿವಿನ್‌ನಂಥ ಹರಳಿನಲ್ಲಿ, ಕಬ್ಬಿಣ ಜಾಸ್ತಿ. ಹಾಗಾಗಿ ಫೇಯಲೈಟ್ ಸಿಕ್ಕರೆ ಸಾಕು, ತುಕ್ಕಿನ ತಕರಾರು ಮುಗಿಯಿತು. ಎಚ್ ಅಂದರೆ 16ರಿಂದ 20, ಎಲ್ ಅಂದರೆ 22ರಿಂದ 26, ಎಲ್‌ಎಲ್ ಅಂದರೆ 27ರ ಮೇಲೆ. ಪ್ರೋಬ್ ಅಳೆಯುವುದೂ ಅದನ್ನೇ. ಪ್ರೋಬ್ ಬರುವ ಮೊದಲು ಜನ ಏನು ಮಾಡುತ್ತಿದ್ದರು? ಹರಳಿನ ಪುಡಿಯನ್ನು ಎಣ್ಣೆಯಲ್ಲಿ ಹಾಕಿ ವಕ್ರೀಭವನ ಸೂಚ್ಯಂಕ, ಅಂದರೆ ಒಳಗೆ ಹೋದ ಬೆಳಕು ಎಷ್ಟು ಬಾಗುತ್ತದೆ ಎಂಬ ಅಳತೆ, ನೋಡುತ್ತಿದ್ದರು. ಎಣ್ಣೆಯದ್ದೂ ಹರಳಿನದ್ದೂ ಒಂದೇ ಆದರೆ ಹರಳಿನ ಅಂಚು ಕಾಣುವುದಿಲ್ಲ. ಸೂಚ್ಯಂಕ ನನ್ನ ಅನ್ನದ ಕಸುಬು. 1.56, 1.60, 1.67, 1.74 ಎಂದು ದಿನಾ ಗಿರಾಕಿಗಳಿಗೆ ಲೆನ್ಸ್ ಮಾರುವವನು ನಾನು. ಲೆನ್ಸಿಗೆ ಆಗುವುದು ಕಲ್ಲಿಗೆ ಯಾಕಾಗಬಾರದು?

ಲೆಕ್ಕ ಸುಲಭ. ಒಲಿವಿನ್ ಹರಳನ್ನು ತಿರುಗಿಸಿದರೆ ಸೂಚ್ಯಂಕ ಬದಲಾಗುತ್ತದೆ, ನಾವು ಹಿಡಿಯುವುದು ದೊಡ್ಡದನ್ನು. ಶುದ್ಧ ಫಾರ್ಸ್ಟರೈಟ್, ಅಂದರೆ ಕಬ್ಬಿಣವೇ ಇಲ್ಲದ ಒಲಿವಿನ್‌ನ ದೊಡ್ಡ ಸೂಚ್ಯಂಕ 1.670, ಶುದ್ಧ ಫೇಯಲೈಟ್‌ದು 1.879. ನಡುವೆ ಹೆಚ್ಚುಕಮ್ಮಿ ನೇರ ಗೆರೆ. ಅಂದರೆ ಫೇಯಲೈಟ್ ಒಂದು ಪರ್ಸೆಂಟ್ ಏರಿದರೆ ಸೂಚ್ಯಂಕ 0.002 ಏರುತ್ತದೆ. ಎಚ್‌ಗೆ 1.708ರ ಹತ್ತಿರ, ಎಲ್‌ಗೆ 1.720, ಎಲ್‌ಎಲ್‌ಗೆ 1.730ರ ಮೇಲೆ. 0.003ರ ಒಳಗೆ ಸರಿಯಾಗಿ ಅಳೆದರೆ ಸಾಕು. ಕೇಳಲು ಎಷ್ಟು ಸುಲಭ ನೋಡಿ. ಇದಕ್ಕೆ ಏಳು ತಿಂಗಳು ಹಿಡಿಯಿತು.

ಎಣ್ಣೆ ಎಲ್ಲಿಂದ ತರುವುದು? ಲವಂಗದ ಎಣ್ಣೆ 1.53, ದಾಲ್ಚಿನ್ನಿ ಎಣ್ಣೆ 1.6ರ ಸುತ್ತ. ಅಲ್ಲಿಗೆ ಅಡುಗೆಮನೆ ಮುಗಿಯಿತು. ಮೇಲಕ್ಕೆ ಹೋಗಲು ಬ್ರೋಮೋನ್ಯಾಫ್ತಲೀನ್ 1.658, ಡೈಅಯೋಡೋಮೀಥೇನ್ 1.74. ಎರಡನ್ನೂ ಬೆರೆಸಿದರೆ ನಡುವಿನ ಯಾವ ಸೂಚ್ಯಂಕ ಬೇಕಾದರೂ ಸಿಗುತ್ತದೆ. ಕೆಮಿಕಲ್ ಅಂಗಡಿಯವರು ಮೊದಲು ಯಾವ ಕಾಲೇಜು ಎಂದು ಕೇಳಿದರು. ಕನ್ನಡಕದಂಗಡಿ ಎಂದೆ. ಹೊರಗೆ ಕಳಿಸಿದರು. ಎರಡನೇ ಕಡೆ ಜಿಎಸ್‌ಟಿ ನಂಬರ್ ತೋರಿಸಿ ಪತ್ರ ಬರೆದುಕೊಟ್ಟ ಮೇಲೆ ತರಿಸಿಕೊಟ್ಟರು. ಎರಡೂ ಸೇರಿ ಒಂಬತ್ತು ಸಾವಿರದ ಹತ್ತಿರ. ಡೈಅಯೋಡೋಮೀಥೇನ್ ವಿಷ, ಕೈಗೆ ಗ್ಲೌಸ್, ಕಿಟಕಿ ಪೂರ್ತಿ ತೆಗೆದಿರಬೇಕು, ಕಂದು ಬಾಟಲಿಯಲ್ಲೇ ಇಡಬೇಕು. ಬೆಳಕು ತಾಗಿದರೆ ಅಯೋಡಿನ್ ಬಿಟ್ಟು ಕೆಂಪಾಗುತ್ತದೆ. ಬಾಟಲಿಯೊಳಗೆ ಒಂದು ತುಂಡು ತಾಮ್ರದ ತಂತಿ ಹಾಕಿಟ್ಟರೆ ಬಣ್ಣ ತಿಳಿಯಾಗೇ ಇರುತ್ತದೆ. ಇದು ಹಳೇ ಉಪಾಯ, ನನ್ನದಲ್ಲ. ಮಕ್ಕಳಿರುವ ಮನೆಯಲ್ಲಿ ಮಾತ್ರ ಇದನ್ನೆಲ್ಲ ಮಾಡಬೇಡಿ. ನಾನು ಅಂಗಡಿಯಲ್ಲಿ, ಬೀಗ ಹಾಕಿದ ಕಪಾಟಿನಲ್ಲಿ ಇಟ್ಟಿದ್ದೇನೆ.

ಬೆರೆಸಿದ ಎಣ್ಣೆಯ ಸೂಚ್ಯಂಕ ತಿಳಿಯುವುದು ಮುಂದಿನ ಸಮಸ್ಯೆ. ಗೆಳೆಯನ ಲ್ಯಾಬಿನಲ್ಲಿದ್ದ, ಸೂಚ್ಯಂಕ ಅಳೆಯುವ ಅಬ್ಬೆ ರಿಫ್ರಾಕ್ಟೋಮೀಟರ್ 1.70ಕ್ಕೆ ನಿಂತುಹೋಗುತ್ತದೆ. ನಮಗೆ ಬೇಕಾದದ್ದು ಅಲ್ಲಿಂದ ಮುಂದೆಯೇ. ಹಾಗಾಗಿ ಮೂರು ಗಾಜಿನ ಪಟ್ಟಿ ಅಂಟಿಸಿ 60 ಡಿಗ್ರಿಯ ಟೊಳ್ಳು ಪ್ರಿಸಂ ಮಾಡಿದೆ. ಒಳಗೆ ಎಣ್ಣೆ, ಒಂದು ಕಡೆಯಿಂದ ಲೇಸರ್ ಪಾಯಿಂಟರ್, ಮೂರು ಮೀಟರ್ ದೂರದ ಬೋರ್ಡಿನ ಮೇಲೆ ಕೆಂಪು ಚುಕ್ಕೆ. ಪ್ರಿಸಂ ತಿರುಗಿಸುತ್ತಾ ಚುಕ್ಕೆ ಹಿಂದಕ್ಕೆ ಬಂದು ನಿಂತು ಮತ್ತೆ ತಿರುಗುವ ಜಾಗ ಗುರುತು ಮಾಡಬೇಕು. ನಮ್ಮ ಎಣ್ಣೆಗೆ ಬಾಗುವ ಕೋನ 58, 59 ಡಿಗ್ರಿ. ಸೂಚ್ಯಂಕದಲ್ಲಿ 0.001 ವ್ಯತ್ಯಾಸಕ್ಕೆ ಚುಕ್ಕೆ ಸುಮಾರು 6 ಮಿಲಿಮೀಟರ್ ಜರುಗುತ್ತದೆ. ಸ್ಕೇಲಿನಲ್ಲೇ ಅಳೆಯಬಹುದು! ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಬೆಳಗ್ಗೆ ಎದ್ದು ನೋಡಿದರೆ ಪ್ರಿಸಂ ಸೋರಿ ಮೇಜಿನ ಸನ್ಮೈಕಾ ಹಾಳಾಗಿತ್ತು. ಆ ದ್ರವ ಸಾಮಾನ್ಯ ಅಂಟುಗಳನ್ನು ಮೆತ್ತಗೆ ಮಾಡಿಬಿಡುತ್ತದೆ. ಐದು ಥರದ ಅಂಟು ಹಾಳಾದ ಮೇಲೆ ಆರನೆಯದು ನಿಂತಿತು. ಅದು ಯಾವುದು ಎಂದು ಹೇಳುವುದಿಲ್ಲ. ಸಾವಿರದೈನೂರು ರೂಪಾಯಿ ಎಣ್ಣೆ ಮೇಜಿಗೆ ಕುಡಿಸಿ ಕಲಿತದ್ದು, ನೀವೂ ಸ್ವಲ್ಪ ಹುಡುಕಿ.

ಮೈಕ್ರೋಸ್ಕೋಪ್ ಕಾಲೇಜಿನವರು ಹರಾಜು ಹಾಕಿದ್ದು, ಹನ್ನೊಂದು ಸಾವಿರ ಕೊಟ್ಟೆ. ಬೆಳಕನ್ನು ಒಂದೇ ದಿಕ್ಕಿಗೆ ಸೋಸುವ ಪೋಲರಾಯ್ಡ್ ಹಾಳೆಗೆ ಹೆಚ್ಚು ಖರ್ಚಿಲ್ಲ. ಎಸ್‌ಪಿ ರೋಡಿನಲ್ಲಿ ಒಡೆದ ಎಲ್‌ಸಿಡಿ ಮಾನಿಟರ್ ಐವತ್ತು ರೂಪಾಯಿಗೆ ತಂದು ಮುಂದಿನ ಹಾಳೆ ಸುಲಿದೆ. ತಿರುಗುವ ಸ್ಟೇಜಿಗೆ ಸೈಕಲ್ ಅಂಗಡಿಯ ಬೇರಿಂಗ್. ನೋಡಲು ಚೆನ್ನಾಗಿಲ್ಲ, ಆದರೆ ತಿರುಗುತ್ತದೆ.

ಕಲ್ಲಿನ ಒಂದು ಗ್ರಾಂ ಪುಡಿ ಮಾಡಿ, ಹಳೇ ಪಂಚೆ ಬಟ್ಟೆಯಲ್ಲಿ ಸೋಸಿ, ಆಯಸ್ಕಾಂತದಿಂದ ಲೋಹ ಎಳೆದು, ಉಳಿದದ್ದನ್ನು ಎಣ್ಣೆಯಲ್ಲಿ ಹಾಕಿ ನೋಡಿದೆ. ಏನೂ ಕಾಣಲಿಲ್ಲ. ಪ್ರತಿ ಕಾಳಿಗೂ ತುಕ್ಕಿನ ಕೋಟು. ಕಾಳಿನ ಅಂಚಲ್ಲಿ ಕಾಣುವ ಬೆಳಕಿನ ಗೆರೆಗೆ ಬೆಕೆ ಗೆರೆ ಅನ್ನುತ್ತಾರೆ. ಮೈಕ್ರೋಸ್ಕೋಪಿನ ಟ್ಯೂಬ್ ಎತ್ತಿದಾಗ ಅದು ಕಾಳಿನ ಒಳಗೆ ಹೋದರೆ ಕಾಳಿನ ಸೂಚ್ಯಂಕ ಎಣ್ಣೆಗಿಂತ ಜಾಸ್ತಿ, ಹೊರಗೆ ಬಂದರೆ ಕಮ್ಮಿ. ಇಲ್ಲಿ ಅದು ಒಳಗೆ ಹೋಯಿತೋ ಹೊರಗೆ ಬಂತೋ ದೇವರೇ ಬಲ್ಲ. ಒಲಿವಿನ್ ಕರಗದ ಹಾಗೆ ತುಕ್ಕು ಮಾತ್ರ ತೆಗೆಯುವುದಕ್ಕೆ ಒಂದು ತಿಂಗಳು ಹೋಯಿತು. ಜೋರು ಆಸಿಡ್ ಹಾಕಿದರೆ ಒಲಿವಿನ್ನೇ ಲೋಳೆಯಾಗಿಬಿಡುತ್ತದೆ, ಅದನ್ನೂ ಮಾಡಿ ನೋಡಿದ್ದೇನೆ. ಕೊನೆಗೆ ಕೆಲಸ ಮಾಡಿದ್ದು ಮನೆಯ ಒಂದು ಸಾಮಾನ್ಯ ವಸ್ತು. ಎಷ್ಟು ಹೊತ್ತು, ಎಷ್ಟು ಬಿಸಿ ಅನ್ನುವುದರಲ್ಲೇ ಎಲ್ಲ ಇದೆ. ಎದುರಿಗೆ ಸಿಕ್ಕಾಗ ಕಾಫಿ ಕುಡಿಸಿದರೆ ಹೇಳುತ್ತೇನೆ.

ಕಾಳು ತಿಳಿಯಾದ ಮೇಲೆ ಆಟ ಶುರು. ಕೆಳಗೆ ಮಾತ್ರ ಪೋಲರಾಯ್ಡ್ ಇಟ್ಟು ಕಾಳನ್ನು ತಿರುಗಿಸಿದರೆ ಸೂಚ್ಯಂಕ ಏರಿಳಿಯುತ್ತದೆ. ನಮಗೆ ಬೇಕಾದದ್ದು ಏರಿನ ತುದಿ. ಒಂದೇ ಕಾಳಿನಲ್ಲಿ ಅದು ಸಿಗುವ ಖಾತ್ರಿ ಇಲ್ಲ, ಹಾಗಾಗಿ ಮೇಲೂ ಒಂದು ಪೋಲರಾಯ್ಡ್ ಇಟ್ಟಾಗ ಬಣ್ಣ ಜೋರಾಗಿ ಬರುವ ಕಾಳುಗಳನ್ನೇ ಆರಿಸಿ ನಲವತ್ತು ಐವತ್ತು ನೋಡಬೇಕು. ಕಲ್ಲಿನಲ್ಲಿರುವ ಇನ್ನೊಂದು ಹರಳಾದ ಪೈರಾಕ್ಸೀನ್ ಕಾಳು ಮಂಕು ಬೂದು, ಅದರ ಸೂಚ್ಯಂಕವೂ ಕೆಳಗೇ ಇರುತ್ತದೆ, ಬೇಗ ಗುರುತು ಸಿಗುತ್ತದೆ. ಎಣ್ಣೆ ಒಂದೊಂದು ಹನಿ ಬೆರೆಸುತ್ತಾ ಹೋದೆ. ಒಂದು ಬೆರಕೆಯಲ್ಲಿ ಕಾಳುಗಳ ಅಂಚು ಮಾಯವಾಯಿತು. ನೀರಲ್ಲಿ ಮಂಜುಗಡ್ಡೆ ಕರಗಿದ ಹಾಗೆ. ಎಣ್ಣೆಯನ್ನು ಪ್ರಿಸಂಗೆ ಹಾಕಿ ಬೋರ್ಡು ಅಳೆದೆ. 1.711. ಲೆಕ್ಕ ಹಾಕಿದರೆ ಫೇಯಲೈಟ್ 19.6.

ಎಚ್!

ಮುಂದಿನ ಭಾನುವಾರವೇ ಎಲ್ಲರ ಮುಂದೆ ಹೇಳಿದೆ. ಮೇಷ್ಟ್ರು ಕಲ್ಲಿನ ಕೊಯ್ದ ಮುಖವನ್ನು ಲೆನ್ಸಿನಲ್ಲಿ ಬಹಳ ಹೊತ್ತು ನೋಡಿದರು. "ಎಚ್ ಅಂತೀಯ. ತುಕ್ಕನ್ನೂ ಸೇರಿಸಿ ಎಣಿಸು. ತುಕ್ಕಾಗೋಕೆ ಮುಂಚೆಯಾದ್ರೂ ಇಲ್ಲಿ ಅಷ್ಟು ಲೋಹ ಎಲ್ಲಿತ್ತಪ್ಪಾ?" ಅವರ ಮಾತು ಸರಿಯೇ. ಹೊಳೆಯುವ ಲೋಹ, ಅದರ ಸುತ್ತಿನ ತುಕ್ಕು ಎರಡನ್ನೂ ಕೂಡಿಸಿದರೂ ಎಚ್‌ನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹಿಂದಿನಿಂದ ಯಾರೋ "ಕನ್ನಡಕ ಹಾಕ್ಕೊಂಡು ನೋಡಿ ಸ್ವಾಮಿ" ಎಂದರು. ಎರಡು ವಾರ ನಾನು ಆ ಕಡೆ ಹೋಗಲಿಲ್ಲ.

ತಪ್ಪು ಸಿಕ್ಕಿದ್ದು ಅಂಗಡಿಯಲ್ಲೇ. ಜಾಸ್ತಿ ಪವರ್ ಇರುವ ಒಬ್ಬ ಗಿರಾಕಿ 1.74 ಲೆನ್ಸ್ ಹಾಕಿಸಿಕೊಂಡು ಹೋಗಿದ್ದರು. ವಾಪಸ್ ಬಂದು, "ಟ್ಯೂಬ್‌ಲೈಟ್ ಅಂಚಲ್ಲಿ ಕೆಂಪು ನೀಲಿ ಬಣ್ಣ ಕಾಣ್ಸುತ್ತಲ್ಲ, ಇದೇನು?" ಎಂದರು. ನಾನು ಸಾವಿರ ಸಲ ಹೇಳಿದ ಉತ್ತರವನ್ನೇ ಹೇಳಿದೆ. ಸೂಚ್ಯಂಕ ಜಾಸ್ತಿ ಆದರೆ ಅಬ್ಬೆ ನಂಬರ್ ಕಮ್ಮಿ ಆಗುತ್ತೆ ಸರ್, ಅಂದ್ರೆ ಬಣ್ಣ ಜಾಸ್ತಿ ಹರಡುತ್ತೆ, ಕೆಂಪು ಬೆಳಕು ಕಮ್ಮಿ ಬಾಗುತ್ತೆ, ನೀಲಿ ಜಾಸ್ತಿ ಬಾಗುತ್ತೆ. ಹೇಳುತ್ತಾ ಹೇಳುತ್ತಾ ಬಾಯಿ ಕಟ್ಟಿತು. ನಾನು ಎಣ್ಣೆ ಅಳೆದದ್ದು ಕೆಂಪು ಲೇಸರಿನಲ್ಲಿ. ಕಾಳು ಹೊಂದಿಸಿದ್ದು ಹಳದಿ ಕಾಗದ ಹಾಕಿದ ಬಲ್ಬಿನಲ್ಲಿ. ಲೆನ್ಸ್ ಕವರ್ ಮೇಲೆ ಬರೆಯುವ 1.74 ಕೂಡ ಹಸಿರು ಬೆಳಕಿನ ಲೆಕ್ಕ, ಹಳದಿಗೆ ಬಂದರೆ ಅದೇ ಲೆನ್ಸ್ 1.73ರ ಹತ್ತಿರ. ಇಪ್ಪತ್ತೆರಡು ವರ್ಷದಿಂದ ಇದು ಗೊತ್ತು. ಡೈಅಯೋಡೋಮೀಥೇನ್ ಬಣ್ಣ ಹರಡುವುದರಲ್ಲಿ ಯಾವ ಕನ್ನಡಕದ ಲೆನ್ಸಿಗಿಂತಲೂ ಮುಂದೆ. ಗಿರಾಕಿಗೆ ಏನೋ ಸಮಾಧಾನ ಹೇಳಿ ಕಳಿಸಿ ಬಾಗಿಲು ಹಾಕಿದೆ.

ಎಸ್‌ಪಿ ರೋಡಿನಿಂದ ಆಂಬರ್ ಎಲ್‌ಇಡಿ ತಂದು, ಬ್ಲೇಡುಗಳ ನಡುವೆ ಸಣ್ಣ ಸಂದು ಮಾಡಿ, ಪ್ರಿಸಂ, ಮೈಕ್ರೋಸ್ಕೋಪ್ ಎರಡಕ್ಕೂ ಅದೇ ಬೆಳಕು ಕೊಟ್ಟೆ. ಬೋರ್ಡಿನ ಮೇಲೆ ಗೆರೆ ಬೆರಳಿಗಿಂತ ದಪ್ಪ ಬಂತು, ಎಲ್‌ಇಡಿ ಬೆಳಕು ಒಂದೇ ಬಣ್ಣ ಅಲ್ಲವಲ್ಲ. ನಡುಭಾಗ ಹಿಡಿದುಕೊಂಡೆ. ನಡು ಸರಿಯೇ ಎಂದು ನೋಡಲು ಒಂದು ರಾತ್ರಿ ಸ್ಪಿರಿಟ್ ದೀಪದ ಉರಿಗೆ ಉಪ್ಪು ನೀರಲ್ಲಿ ಅದ್ದಿದ ತಂತಿ ಹಿಡಿದೆ. ಉಪ್ಪಿನ ಹಳದಿ ಅಪ್ಪಟ ಸೋಡಿಯಂ. ಮಂಕಾಗಿ ಕಂಡರೂ ಗೆರೆ ಸೂಜಿ ಹಾಗೆ ತೆಳು. ಎರಡೂ ಒಂದೇ ಕಡೆ ಬಿದ್ದವು. ಇನ್ನೂ ಧೈರ್ಯಕ್ಕೆ ಒಂದು ಪೆರಿಡಾಟ್ ಮಣಿ ಬಲಿ ಕೊಟ್ಟೆ. ಪೆರಿಡಾಟ್ ಅಂದರೆ ಒಲಿವಿನ್ನೇ ಅಲ್ವಾ. ಹರಳಿನ ಅಂಗಡಿಯವರ ರಿಫ್ರಾಕ್ಟೋಮೀಟರಿನಲ್ಲಿ ಅದರ ಮೇಲಿನ ಸೂಚ್ಯಂಕ 1.690 ಬಂದಿತ್ತು. ಪುಡಿ ಮಾಡಿ ನನ್ನ ಎಣ್ಣೆಯಲ್ಲಿ ನೋಡಿದರೆ 1.690, ಒಂದು ಸಲ 1.691. ಹಳೇ ಕೆಂಪು ಲೇಸರಿನಲ್ಲಿ ಅದೇ ಎಣ್ಣೆ 1.681 ತೋರಿಸಿತು. ಕಳ್ಳ ಸಿಕ್ಕಿಬಿದ್ದ.

ಇನ್ನೊಂದು ಸಣ್ಣ ಕಳ್ಳ ಇದ್ದ, ಬಿಸಿಲು. ಆ ದ್ರವದ ಸೂಚ್ಯಂಕ ಒಂದು ಡಿಗ್ರಿ ಬಿಸಿಗೆ 0.0007ರಷ್ಟು ಇಳಿಯುತ್ತದೆ. ಏಪ್ರಿಲ್‌ನಲ್ಲಿ ಬೆಳಗ್ಗೆ ಬೆರೆಸಿ ಮಧ್ಯಾಹ್ನ ಅಳೆದರೆ ಹತ್ತು ಡಿಗ್ರಿ ವ್ಯತ್ಯಾಸ, ಫೇಯಲೈಟ್ ಲೆಕ್ಕದಲ್ಲಿ ಮೂರು ಪರ್ಸೆಂಟ್ ಹೆಚ್ಚುಕಮ್ಮಿ. ಎಲ್ ಅನ್ನುವುದು ಎಚ್ ಆಗಲು ಅಷ್ಟೇ ಸಾಕು. ಹಾಗಾಗಿ ಬೆಳಗ್ಗೆ ಐದೂವರೆಯಿಂದ ಏಳರವರೆಗೆ ಮಾತ್ರ ಕೂರುತ್ತಿದ್ದೆ. ಫ್ಯಾನ್ ಇಲ್ಲ, ಬಾಟಲಿ ಪ್ರಿಸಂ ಸ್ಲೈಡ್ ಎಲ್ಲ ರಾತ್ರಿಯೇ ಒಂದೇ ಮೇಜಿನ ಮೇಲೆ. ಪಕ್ಕದ ಹೂವಿನವಳು ಇಷ್ಟು ಬೇಗ ಅಂಗಡಿ ತೆಗೆಯುತ್ತೀರಲ್ಲ, ವ್ಯಾಪಾರ ಜೋರಾ ಎಂದು ಕೇಳುತ್ತಿದ್ದಳು.

ಒಂಬತ್ತು ಬೆಳಗ್ಗೆ, ಐವತ್ತಕ್ಕೆ ಹತ್ತಿರ ಕಾಳು. ಎಲ್ಲ 1.719ರಿಂದ 1.723ರ ನಡುವೆ. ನಾನು ಹಿಡಿದದ್ದು 1.721, ಅಂದರೆ 24.4. ನನಗೆ ಗುಂಪಿಗಿಂತ ಜಾಸ್ತಿ ಖುಷಿ ಕೊಟ್ಟದ್ದು ಕಾಳುಗಳು ಒಂದನ್ನೊಂದು ಬಿಟ್ಟುಕೊಡದೆ ಒಟ್ಟಿಗೆ ನಿಂತದ್ದು. ಒಲಿವಿನ್ ಎಲ್ಲ ಕಡೆ ಒಂದೇ ಥರ ಇದ್ದರೆ ಕಲ್ಲು ಒಳಗೇ ಚೆನ್ನಾಗಿ ಬೆಂದಿದೆ ಎಂದರ್ಥ. ಟೈಪ್ 3 ಅಲ್ಲ, 4ರಿಂದ 6ರ ಒಳಗೆ.

ಟೈಪ್ ಹೇಳಲು ಥಿನ್ ಸೆಕ್ಷನ್, ಅಂದರೆ ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿದ ಕಲ್ಲಿನ ಪದರ, ಬೇಕೇ ಬೇಕು. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಮಾಡಿದವರಿಗೆಲ್ಲ ನೋವು ಗೊತ್ತು. 14 ಮಾಡಿದೆ, ಮೂರು ಉಳಿದವು. ಅರಾಲ್ಡೈಟ್‌ನಲ್ಲಿ ಗುಳ್ಳೆ, ಇಲ್ಲವೇ ಉಜ್ಜುತ್ತಾ ಉಜ್ಜುತ್ತಾ ಕಲ್ಲೇ ಮಾಯ. 30 ಮೈಕ್ರಾನ್ ಬಂತು ಎಂದು ಖುಷಿಪಡುವಾಗ ಮೂಲೆಯಿಂದ ಏಳುತ್ತದೆ. ಲೆನ್ಸ್ ಪಾಲಿಶ್ ಮಾಡುವ ಸೀರಿಯಂ ಆಕ್ಸೈಡ್ ಕೊನೆಗೆ ಸ್ವಲ್ಪ ಕೈ ಹಿಡಿಯಿತು. ಉಳಿದ ಮೂರರಲ್ಲಿ ಕಾಂಡ್ರೂಲ್‌ಗಳು ಕಾಣುತ್ತಿದ್ದವು, ಆದರೆ ಅಂಚು ಮಸುಕು, ಸುತ್ತಿನ ಜಾಗದೊಳಗೆ ಕಲೆತುಹೋಗಿದ್ದವು. ಫೆಲ್ಡ್‌ಸ್ಪಾರ್ ಇತ್ತು, ಆದರೆ ಸಣ್ಣದು, 50 ಮೈಕ್ರಾನ್ ದಾಟಿದ್ದು ಒಂದೂ ಸಿಗಲಿಲ್ಲ. ಟೈಪ್ 5 ಎಂದು ಬರೆದುಕೊಂಡೆ. ಒಲಿವಿನ್‌ನಲ್ಲಿ ಸಾಲುಸಾಲು ನೇರ ಬಿರುಕು, ಹಾಗಾಗಿ ಕಲ್ಲು ತಿಂದ ಹೊಡೆತದ ಅಳತೆ ಎಸ್3. ಲೋಹದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತುಕ್ಕಾಗಿತ್ತು, ತುಕ್ಕಿನ ಅಳತೆ ಡಬ್ಲ್ಯೂ2. ಬೇಸರವಾದಾಗ ಒಂದು ಪಾಲಿಶ್ ತುಂಡಿಗೆ ನೈಟಲ್ ಎಂಬ ಆಸಿಡ್ ದ್ರಾವಣ ಹಾಕಿ ಲೋಹದಲ್ಲಿ ಕಾಮಸೈಟ್, ಟೀನೈಟ್ ಎಂಬ ಎರಡು ಕಬ್ಬಿಣ-ನಿಕಲ್ ಮಿಶ್ರಣ ಬೇರೆಬೇರೆಯಾಗುವುದನ್ನು ನೋಡುತ್ತಾ ಕೂತಿದ್ದೆ. ಅದರಿಂದ ಪ್ರಯೋಜನ ಏನೂ ಇಲ್ಲ, ನೋಡಲು ಚೆಂದ ಅಷ್ಟೇ.

ಮತ್ತೆ ಲಾಲ್‌ಬಾಗ್‌ಗೆ ಹೋಗಿ ಎಲ್5 ಎಂದೆ. ಮೊದಲು ಎಲ್, ಆಮೇಲೆ ಎಚ್, ಈಗ ಮತ್ತೆ ಎಲ್. ನಗು ಬರದೆ ಇರುತ್ತದೆಯೇ? ಆ ನಗುವಿಗೇ ಪ್ರೋಬ್ ಮಾಡಿಸಲು ಹಟ ಬಂತು. ಒಂದು ಕಡೆ ಕೇಳಿದೆ, ಹೊರಗಿನವರ ಸ್ಯಾಂಪಲ್ ತೆಗೆದುಕೊಳ್ಳುವುದಿಲ್ಲ ಎಂದರು. ಇನ್ನೊಂದು ಕಡೆ ಹಣ ಕಟ್ಟಿಸಿಕೊಂಡು ಮೂರು ತಿಂಗಳು ಕಾಯಿಸಿದರು. ಸೆಕ್ಷನ್ ಪಾಲಿಶ್, ಕಾರ್ಬನ್ ಕೋಟಿಂಗ್, ಮೆಷಿನ್ ಸಮಯ ಎಲ್ಲ ಸೇರಿ ಒಂಬತ್ತು ಸಾವಿರ ಚಿಲ್ಲರೆ. ಬಂದದ್ದು ಫೇಯಲೈಟ್ 24.8, ಪೈರಾಕ್ಸೀನ್‌ನಲ್ಲಿ ಫೆರೋಸಿಲೈಟ್, ಅಂದರೆ ಅದರ ಕಬ್ಬಿಣದ ಪಾಲು, 20ರ ಮೇಲೆ ಸ್ವಲ್ಪ. ಎಲ್. ನನ್ನ 24.4ರ ಪಕ್ಕದಲ್ಲೇ. ರಿಪೋರ್ಟ್ ಮೇಷ್ಟ್ರ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿ, ಮಡಚಿ ಕೊಟ್ಟು, "ಆ ಪೆರಿಡಾಟ್ ಪರೀಕ್ಷೆ ಮೊದಲೇ ಮಾಡಿದ್ರೆ ಎಚ್ ಅನ್ನೋ ಅಪಹಾಸ್ಯ ತಪ್ಪುತ್ತಿತ್ತು" ಎಂದರು. ಅವರ ಬಾಯಿಂದ ಬರುವ ಹೊಗಳಿಕೆ ಅಷ್ಟೇ.

ಖರ್ಚು ಎಪ್ಪತ್ತು ಸಾವಿರ ಮುಟ್ಟಿರಬಹುದು. ಮನೆಯಲ್ಲಿ ಹೇಳಿರುವುದು ನಲವತ್ತು. ಕಲ್ಲನ್ನು ಎಲ್5 ಎಂದು ಮಾರಿದರೆ ಕೊಂಡ ಬೆಲೆಗಿಂತ ದೊಡ್ಡ ಲಾಭ ಏನೂ ಇಲ್ಲ, ಮರಳುಗಾಡಿನ ಎಲ್5ಗೆ ಬರ ಇಲ್ಲ. ಅಧಿಕೃತ ಹೆಸರಿಗೆ ಇನ್ನೂ ಕಳಿಸಿಲ್ಲ. ಅದಕ್ಕೆ 20 ಗ್ರಾಂ ಅಥವಾ ಒಟ್ಟು ತೂಕದ ಐದರಲ್ಲೊಂದು, ಯಾವುದು ಕಮ್ಮಿಯೋ ಅಷ್ಟನ್ನು ಒಂದು ಸಂಸ್ಥೆಯಲ್ಲಿ ಇಡಬೇಕು. ಜಿಗಣಿಯ ಮೋರಿಗೆ ಹೋದದ್ದೇ ಅದಕ್ಕಿಂತ ಜಾಸ್ತಿ, ಅದನ್ನು ನೆನೆದರೆ ಇನ್ನೂ ಮನಸ್ಸು ಬರುತ್ತಿಲ್ಲ.

ಎಲ್‌ಎಲ್ ಕಲ್ಲಿನ ಮೇಲೂ ಎಣ್ಣೆ ನಡೆಯುತ್ತದೆಯೇ ಎಂದು ನೋಡುವ ಆಸೆ ಇತ್ತು. ನಮ್ಮೂರಿಗೆ ಹತ್ತಿರದ ಎಲ್‌ಎಲ್ ಅಂದರೆ ಶೂಲಗಿರಿ. 2008ರ ಸೆಪ್ಟೆಂಬರ್ 12ರಂದು ಹೊಸೂರಿನ ಆಚೆ ಬಿದ್ದದ್ದು, ನೂರು ಕಿಲೋ ದಾಟಿತ್ತು, ಎಲ್‌ಎಲ್6. ಆದರೆ ಅದು ನಮ್ಮಂಥವರ ಕೈಗೆ ಸಿಗುವ ಮಾಲಲ್ಲ. ಯಾರ ಹತ್ತಿರವಾದರೂ ಲೇಬಲ್ ಇರುವ ಬೇರೆ ಎಲ್‌ಎಲ್ ಚೂರು ಇದ್ದರೆ ಒಂದು ಗ್ರಾಂ ಸಾಕು. ಪುಡಿ ವಾಪಸ್ ಕೊಡಲು ಆಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಈಗ ಮೇಜಿನ ಮೇಲೆ ಇರುವುದು ಎರಡನೇ ಕಲ್ಲು, ಅಂಗಡಿಯವ ಮೇಲೆ ಸೇರಿಸಿ ಕೊಟ್ಟನಲ್ಲ, ಆ 90 ಗ್ರಾಮಿಂದು. ಹೊರಗೆ ನೋಡಲು ಮೊದಲನೆಯದರ ತಮ್ಮನ ಹಾಗಿದೆ. ಹೋದ ವಾರ ಅದರ ಪುಡಿಯನ್ನು 1.721ರ ಎಣ್ಣೆಗೆ ಹಾಕಿದೆ. ಮೊದಲ ಕಾಳಿನ ಗೆರೆ ಒಳಗೆ ಹೋಯಿತು. ಎರಡನೆಯದರದ್ದು ಹೊರಗೆ ಬಂತು. ಮೂರನೆಯದು ಎಷ್ಟು ಕೆಳಗಿದೆ ಎಂದರೆ ಪೆರಿಡಾಟ್ ಎಣ್ಣೆಯಲ್ಲೂ ಹೊರಗೇ. ಬಣ್ಣ ಎರಡು ಸಲ ನೋಡಿದೆ, ಪೈರಾಕ್ಸೀನ್ ಅಲ್ಲ. ಇಲ್ಲಿಯವರೆಗೆ ಇಪ್ಪತ್ತಾರು ಕಾಳು ನೋಡಿದ್ದೇನೆ, ಎರಡು ಒಂದೇ ಥರ ಇಲ್ಲ. ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾಳೆ ಎಷ್ಟು ಗಂಟೆಗೆ ಅಂಗಡಿ ತೆಗೀತೀಯ?" ಎಂದು ಕೇಳಿದರು. ಐದೂವರೆಗೆ ಎಂದೆ.